ತಪ್ಪು ವಿಳಾಸಕ್ಕೆ ಹೋದ ಉಪಸರ್ಗ: ಇಂಗ್ಲಿಷಿನ ಕಿರುಪದಗಳೂ ಗಡಿಯ ಕನ್ನಡವೂ

ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮಕ್ಕಳಿಗೆಂದು ಅಚ್ಚಾಗುವ ಇಂಗ್ಲಿಷ್ ಕೈಪಿಡಿಗಳ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಎಡಕ್ಕೆ 'ಗಿವ್ ಅಪ್', ಬಲಕ್ಕೆ 'ತ್ಯಜಿಸು'. ಎಡಕ್ಕೆ 'ಪುಟ್ ಆಫ್', ಬಲಕ್ಕೆ 'ಮುಂದೂಡು'. ಎಡಕ್ಕೆ 'ಪುಟ್ ಅಪ್ ವಿತ್', ಬಲಕ್ಕೆ 'ಸಹಿಸು'. ಪಟ್ಟಿಯ ತಲೆಬರಹ 'ಫ್ರೇಸಲ್ ವರ್ಬ್ಸ್'. ಅದರ ಹಿಂದಿನ ಪುಟದಲ್ಲಿ ಇನ್ನೊಂದು ಪಟ್ಟಿ: 'ಇನ್', 'ಆನ್', 'ಅಟ್', 'ಬೈ', 'ವಿತ್'. ಇದರ ತಲೆಬರಹ 'ಪ್ರಿಪೊಸಿಷನ್ ಅಥವಾ ಉಪಸರ್ಗ'. ಎರಡು ಪಟ್ಟಿಗಳಿಗೂ ಇರುವ ಸಂಬಂಧವೇನೆಂದು ಕೈಪಿಡಿ ಹೇಳುವುದಿಲ್ಲ. ಮಗು ಎರಡನ್ನೂ ಕಂಠಪಾಠ ಮಾಡುತ್ತದೆ. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಮರೆಯುತ್ತದೆ.

ಈ ಪಟ್ಟಿಗಳ ಬೆನ್ನಿಗೆ ಎರಡು ನಂಬಿಕೆಗಳಿವೆ. ಇಂಗ್ಲಿಷ್ ಕ್ರಿಯಾಪದದ ಹಿಂದೆ ಬಂದು ನಿಲ್ಲುವ 'ಅಪ್', 'ಔಟ್', 'ಆಫ್' ಎಂಬ ಕಿರುಪದಗಳಿಗೆ ನಿಯಮವಿಲ್ಲ, ಬಾಯಿಪಾಠವೊಂದೇ ದಾರಿ ಎಂಬುದು ಮೊದಲನೆಯದು. ಕನ್ನಡದಲ್ಲಿ ಇಂಥದ್ದೇನೂ ಇಲ್ಲ, ಆದುದರಿಂದ ಒಂದು ಸಂಸ್ಕೃತ ಪದವನ್ನು ಎದುರಿಗಿಟ್ಟರೆ ಸಾಕು ಎಂಬುದು ಎರಡನೆಯದು. ಎರಡೂ ಪರೀಕ್ಷೆಗೆ ನಿಲ್ಲುವುದಿಲ್ಲ. ಕಾಸರಗೋಡು, ಹೊಸೂರು, ಅಕ್ಕಲಕೋಟೆ, ಆದವಾನಿಯಂಥ ಕಡೆಗಳಲ್ಲಿ ಈ ಪ್ರಶ್ನೆಯ ತೂಕ ಒಳನಾಡಿಗಿಂತ ಹೆಚ್ಚು. ಅಲ್ಲಿನ ಕನ್ನಡ ಶಾಲೆಯ ಮಗುವಿಗೆ ರಾಜ್ಯಭಾಷೆಯೂ ಬೇಕು, ಇಂಗ್ಲಿಷೂ ಬೇಕು. ಇಂಗ್ಲಿಷನ್ನು ಬಿಡಿಸಿ ಹೇಳುವ ಕೆಲಸ ಮಾತ್ರ ಕನ್ನಡದ ಹೆಗಲಿಗೆ ಬೀಳುತ್ತದೆ. ಆ ಬಿಡಿಸುವಿಕೆ ಸೊರಗಿದರೆ ದೂರು ಕೈಪಿಡಿಯ ಮೇಲೆ ಹೋಗದೆ ಕನ್ನಡ ಮಾಧ್ಯಮದ ಮೇಲೆ ಹೋಗುತ್ತದೆ.

ಮೊದಲು ಹೆಸರಿನ ವಿಚಾರ. ಪ್ರಿಪೊಸಿಷನ್ನಿಗೆ 'ಉಪಸರ್ಗ' ಎಂಬ ಹೆಸರು ಯಾರು ಇಟ್ಟರೋ, ಅವರು ಒಳ್ಳೆಯ ಪದವೊಂದನ್ನು ತಪ್ಪು ವಿಳಾಸಕ್ಕೆ ಕಳಿಸಿದರು. ಸಂಸ್ಕೃತ ವ್ಯಾಕರಣದಲ್ಲಿ ಉಪಸರ್ಗವೆಂದರೆ ಕ್ರಿಯೆಗೆ ಅಂಟಿಕೊಂಡು ಅದರ ಅರ್ಥವನ್ನು ಬೇರೆಡೆಗೆ ಎಳೆದೊಯ್ಯುವ ಪದ. ಒಂದೇ ಧಾತುವಿನಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳು ಹುಟ್ಟುವುದನ್ನು ಹಳೆಯ ಪಂಡಿತರು ಉದಾಹರಿಸುತ್ತಿದ್ದರು. ಹೊಡೆತ, ಊಟ, ಕೊಲೆ, ತಿರುಗಾಟ, ಉಪಶಮನ: ಇವುಗಳಲ್ಲಿ ಒಂದರಿಂದ ಇನ್ನೊಂದನ್ನು ಊಹಿಸಲಾಗದು. ಇಂಗ್ಲಿಷಿನ 'ಗಿವ್ ಅಪ್', 'ಗಿವ್ ಇನ್', 'ಗಿವ್ ಔಟ್', 'ಗಿವ್ ಅವೇ'ಗಳ ಆಟವೂ ಇದೇ. ಬಿಟ್ಟುಬಿಡು, ಮಣಿ, ಹಂಚು, ಗುಟ್ಟು ರಟ್ಟುಮಾಡು: ಮೂಲದಲ್ಲಿ ಎಲ್ಲವೂ 'ಕೊಡು'. ಅಂದರೆ 'ಉಪಸರ್ಗ' ಎಂಬ ಹೆಸರಿಗೆ ನಿಜವಾದ ಹಕ್ಕುದಾರರು ಕೈಪಿಡಿಯ ಎರಡನೆಯ ಪಟ್ಟಿಯ ಪದಗಳಲ್ಲ, ಮೊದಲನೆಯ ಪಟ್ಟಿಯವು.

ಪಾಣಿನಿ ಈ ಗೊಂದಲಕ್ಕೆ ಎಡೆಗೊಟ್ಟಿರಲಿಲ್ಲ. ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಅವನು 'ಪ್ರ' ಮೊದಲಾದ ಪದಗಳನ್ನು ಕ್ರಿಯೆಯ ಯೋಗದಲ್ಲಿರುವಾಗ ಉಪಸರ್ಗವೆಂದು ಕರೆದು, ಅದೇ ಪಾದದಲ್ಲಿ ಮುಂದೆ, ಅವುಗಳಲ್ಲಿ ಕೆಲವು ಕ್ರಿಯೆಯನ್ನು ಬಿಟ್ಟು ನಾಮಪದವನ್ನು ಹಿಡಿದುಕೊಂಡಾಗ 'ಕರ್ಮಪ್ರವಚನೀಯ' ಎಂಬ ಬೇರೆಯದೇ ಹೆಸರನ್ನು ಕೊಡುತ್ತಾನೆ. 'ಪ್ರತಿಗಚ್ಛತಿ' ಎಂಬಲ್ಲಿ 'ಪ್ರತಿ' ಕ್ರಿಯೆಯ ಆಳು. 'ಗ್ರಾಮಂ ಪ್ರತಿ' ಎಂಬಲ್ಲಿ ಅದೇ 'ಪ್ರತಿ' ಗ್ರಾಮದ ಆಳು. ಪದ ಒಂದೇ, ಒಡೆಯ ಬೇರೆ. ವೈದಿಕ ಭಾಷೆಯಲ್ಲಂತೂ ಉಪಸರ್ಗ ಕ್ರಿಯೆಯಿಂದ ಬಿಡಿಸಿಕೊಂಡು ವಾಕ್ಯದಲ್ಲಿ ದೂರ ನಿಲ್ಲಬಲ್ಲದು. ಇಂಗ್ಲಿಷಿನ ಕಿರುಪದವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ. ಸಂಸ್ಕೃತದ ಪರಿಭಾಷೆಯನ್ನು ಎರವಲು ತಂದವರು ಅದರೊಳಗಿನ ವಿವೇಕವನ್ನೂ ತರಬಹುದಿತ್ತು.

ಇಂಗ್ಲಿಷ್ ವ್ಯಾಕರಣಗಳಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವ ಒಂದು ಜೋಡಿಯನ್ನೇ ನೋಡಬಹುದು: 'ದೆ ರನ್ ಅಪ್ ಎ ಹಿಲ್' ಮತ್ತು 'ದೆ ರನ್ ಅಪ್ ಎ ಬಿಲ್'. ಕೇಳಲು ಎರಡಕ್ಕೂ ಒಂದು ಅಕ್ಷರದ ವ್ಯತ್ಯಾಸ. ಮೊದಲನೆಯದರಲ್ಲಿ ಗುಡ್ಡ ಹತ್ತಿ ಓಡುವವರಿದ್ದಾರೆ. ಎರಡನೆಯದರಲ್ಲಿ ಅಂಗಡಿಯಲ್ಲಿ ಲೆಕ್ಕ ಬರೆಸುತ್ತ ಸಾಲ ಏರಿಸಿಕೊಂಡವರಿದ್ದಾರೆ. ಮೊದಲನೆಯ 'ಅಪ್' ಗುಡ್ಡಕ್ಕೆ ಸೇರಿದ್ದು, ಕರ್ಮಪ್ರವಚನೀಯ. ಎರಡನೆಯದು ಓಟಕ್ಕೆ ಸೇರಿದ್ದು, ಉಪಸರ್ಗ. ಇದನ್ನು ತೋರಿಸಿಕೊಡುವ ಪರೀಕ್ಷೆಗಳು ಸರಳ. 'ರನ್ ಎ ಬಿಲ್ ಅಪ್' ಎಂದು ಕಿರುಪದವನ್ನು ಆಚೆ ದೂಡಬಹುದು. 'ರನ್ ಎ ಹಿಲ್ ಅಪ್' ಎನ್ನಲಾಗದು. 'ಅಪ್ ದ ಹಿಲ್ ದೆ ರನ್' ಎಂದು ಗುಡ್ಡವನ್ನು ಕಿರುಪದದೊಡನೆ ವಾಕ್ಯದ ಮುಂದಕ್ಕೆ ತರಬಹುದು; ಬಿಲ್ಲನ್ನು ಹಾಗೆ ತರಲಾಗದು. ನಾಮಪದದ ಜಾಗಕ್ಕೆ 'ಇಟ್' ಬಂದರೆ ಭೇದ ಇನ್ನೂ ಗಟ್ಟಿಯಾಗುತ್ತದೆ: ಸಾಲವಾದರೆ 'ರನ್ ಇಟ್ ಅಪ್' ಎಂದೇ ಹೇಳಬೇಕು, ಗುಡ್ಡವಾದರೆ 'ರನ್ ಅಪ್ ಇಟ್' ಎಂದೇ. ನಿಘಂಟಿನಲ್ಲಿ ಪದ ಹುಡುಕುವವನು 'ಲುಕ್ ಇಟ್ ಅಪ್' ಎನ್ನುತ್ತಾನೆ. ಮಗುವನ್ನು ನೋಡಿಕೊಳ್ಳುವವಳು 'ಲುಕ್ ಆಫ್ಟರ್ ಇಟ್' ಎನ್ನುತ್ತಾಳೆ. ಇವನ್ನು ಅದಲುಬದಲು ಮಾಡಿದ ಕಿವಿ ಇಂಗ್ಲಿಷಿನದಲ್ಲ.

ಕಿವಿಯ ಮಾತು ಬಂದುದರಿಂದ ಒತ್ತಿನ ವಿಷಯವನ್ನೂ ಹೇಳಬೇಕು. ಕೈಪಿಡಿಗಳು ಇದನ್ನು ಮುಟ್ಟುವುದೇ ಅಪರೂಪ. ಕ್ರಿಯೆಗೆ ಸೇರಿದ ಕಿರುಪದ ಸಾಮಾನ್ಯವಾಗಿ ಒತ್ತು ಪಡೆದು ಗಟ್ಟಿಯಾಗಿ ಕೇಳಿಸುತ್ತದೆ. ನಾಮಪದಕ್ಕೆ ಸೇರಿದ್ದು ಹೆಚ್ಚಾಗಿ ಮೆತ್ತಗೆ ಜಾರಿಹೋಗುತ್ತದೆ. 'ಲುಕ್ ಅಪ್'ನಲ್ಲಿ 'ಅಪ್' ಕೇಳಿಸುತ್ತದೆ, 'ಲುಕ್ ಅಟ್'ನಲ್ಲಿ 'ಅಟ್' ಹೆಚ್ಚುಕಡಿಮೆ ಕರಗುತ್ತದೆ. ಕನ್ನಡದಲ್ಲಿ ಅರ್ಥಭೇದ ಮಾಡುವ ಒತ್ತು ಇಲ್ಲವಾದ್ದರಿಂದ ಈ ಸೂಚನೆ ಕನ್ನಡ ಕಿವಿಗೆ ತಾನಾಗಿ ಬೀಳುವುದಿಲ್ಲ. ಹೇಳಿಕೊಟ್ಟರೆ ಬೀಳುತ್ತದೆ.

'ಪುಟ್ ಅಪ್ ವಿತ್' ಎಂಬ ಮೂರು ಪದಗಳ ಗಂಟೂ ಈಗ ಸಡಿಲವಾಗುತ್ತದೆ. 'ಅಪ್' ಕ್ರಿಯೆಯ ಆಳು, 'ವಿತ್' ಮುಂದೆ ಬರುವ ನಾಮಪದದ ಆಳು. ಒಂದೇ ಮಾತಿನಲ್ಲಿ ಉಪಸರ್ಗವೂ ಕರ್ಮಪ್ರವಚನೀಯವೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದೆಂಬ ಹಳೆಯ ವಿಧಿ ಸೋಲುವುದೂ ಇಲ್ಲೇ. 1672ರಲ್ಲಿ ಕವಿ ಡ್ರೈಡನ್ ಹಿಂದಿನ ತಲೆಮಾರಿನ ಬೆನ್ ಜಾನ್ಸನ್ನನಲ್ಲಿ ಈ ದೋಷ ಎಣಿಸಿದ. 1762ರಲ್ಲಿ ಬಿಷಪ್ ಲೌತ್ ತನ್ನ ವ್ಯಾಕರಣದಲ್ಲಿ ಇದು ಭಾಷೆಯ ಸ್ವಂತ ಒಲವೆಂದು ಒಪ್ಪಿಕೊಂಡೂ ಗಂಭೀರ ಬರವಣಿಗೆಗೆ ತಕ್ಕುದಲ್ಲವೆಂದ. ಲ್ಯಾಟಿನ್ನಿನ ಅಂಗಿಯನ್ನು ಇಂಗ್ಲಿಷಿಗೆ ತೊಡಿಸಿದ ಕಥೆ ಇದು. ಸಂಸ್ಕೃತದ ಅಂಗಿ ತೊಟ್ಟ ಕನ್ನಡ ವ್ಯಾಕರಣಗಳನ್ನು ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣದು.

ಈ ಕಿರುಪದಗಳ ಕಷ್ಟವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಪ್ರಮುಖ. 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ ಅವನು, ಕ್ರಿಯೆಯ ಹಿಂದೆ ಕಿರುಪದವಿಟ್ಟು ಅರ್ಥ ಬದಲಿಸುವ ಈ ರೂಢಿ ಪರದೇಶೀಯರಿಗೆ ಅತ್ಯಂತ ತೊಡಕಿನದೆಂದು ಹೇಳಿ ಹತ್ತಾರು ಉದಾಹರಣೆಗಳನ್ನು ಕೊಡುತ್ತಾನೆ. 'ಫ್ರೇಸಲ್ ವರ್ಬ್' ಎಂಬ ಹೆಸರು ಅಚ್ಚಿನಲ್ಲಿ ನೆಲೆಯಾದುದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್‌ನ 'ವರ್ಡ್ಸ್ ಅಂಡ್ ಇಡಿಯಮ್ಸ್' ಕೃತಿಯಿಂದ. ಆ ಹೆಸರನ್ನು ತನಗೆ ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಎಂದು ಸ್ಮಿತ್ ಹೇಳಿಕೊಂಡಿದ್ದಾನೆ. 1971ರಲ್ಲಿ ಡ್ವೈಟ್ ಬೋಲಿಂಜರ್ ಇದಕ್ಕೇ ಒಂದು ಇಡೀ ಪುಸ್ತಕ ಮೀಸಲಿಟ್ಟ. 1975ರ ಕೌವೀ ಮತ್ತು ಮ್ಯಾಕಿನ್‌ರ ಆಕ್ಸ್‌ಫರ್ಡ್ ನಿಘಂಟು ತನ್ನ ಉಪಶೀರ್ಷಿಕೆಯಲ್ಲೇ ಪ್ರಿಪೊಸಿಷನ್ ಮತ್ತು ಪಾರ್ಟಿಕಲ್ ಎಂದು ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿತು. ನಮ್ಮ ಕಡೆಯ ಕೈಪಿಡಿಗಳಿಗೆ ಈ ಯಾವ ಗಾಳಿಯೂ ಸೋಂಕಿಲ್ಲ.

ಬಳಕೆಯ ನಿಜಸ್ಥಿತಿ ಎಣಿಕೆಗೆ ಸಿಕ್ಕಿದ್ದು ಕಂಪ್ಯೂಟರು ಬಂದ ಮೇಲೆ. ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ಸನ್ನು ಶೋಧಿಸಿ ಗಾರ್ಡನರ್ ಮತ್ತು ಡೇವಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದುದು. ಅವರಿಗೆ ಸಿಕ್ಕ ಫ್ರೇಸಲ್ ವರ್ಬ್ ಪ್ರಯೋಗಗಳು 5,18,923. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇವಲ 20 ಕ್ರಿಯಾಪದಗಳು 8 ಕಿರುಪದಗಳೊಡನೆ ಕೂಡಿ ಆದವು. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಅತಿಹೆಚ್ಚು ಬಳಕೆಯ 100 ಜೋಡಿಗಳಿಗೆ ಒಟ್ಟು 559 ಅರ್ಥಗಳು. ಎಂದರೆ, ಕಲಿಯಬೇಕಾದ ಜೋಡಿಗಳು ಕೈಪಿಡಿ ಹೆದರಿಸುವಷ್ಟು ಹೆಚ್ಚಿಲ್ಲ. ಪ್ರತಿಯೊಂದರ ಒಳಗೆ ಅದು ಒಪ್ಪಿಕೊಳ್ಳುವುದಕ್ಕಿಂತ ಬಹಳ ಹೆಚ್ಚಿದೆ. 'ಪುಟ್ ಅಪ್' ಎಂದರೆ ಗೋಡೆಗೆ ಭಿತ್ತಿಪತ್ರ ಅಂಟಿಸುವುದೂ ಹೌದು, ಅತಿಥಿಗೆ ಮನೆಯಲ್ಲಿ ಇಳಿದುಕೊಳ್ಳಲು ಜಾಗ ಕೊಡುವುದೂ ಹೌದು, ಹಣ ಹೂಡುವುದೂ ಹೌದು. ಎಡಕ್ಕೊಂದು ಬಲಕ್ಕೊಂದು ಎಂಬ ಪಟ್ಟಿ ಇಲ್ಲಿ ಸುಳ್ಳು ಹೇಳಿದಂತೆಯೇ.

ಜಾನ್ ಸಿಂಕ್ಲೇರ್ ಮತ್ತು ಅವನ ಕೋಬಿಲ್ಡ್ ಬಳಗ ಮಾಡಿದ ಗಮನಿಕೆಯೊಂದು ಗಡಿಯ ಓದುಗರಿಗೆ ವಿಶೇಷವಾಗಿ ರುಚಿಸಬೇಕು. 'ಸೆಟ್ ಇನ್' ಎಂಬುದನ್ನು ಜಾನ್ಸನ್ 'ಒಂದೇ ಸಮನೆ ಸಾಗುವ ಸ್ಥಿತಿ ತೊಡಗುವುದು' ಎಂಬರ್ಥದಲ್ಲಿ ವಿವರಿಸಿದ್ದ. ಸಿಂಕ್ಲೇರ್ ನಿಜಪ್ರಯೋಗಗಳನ್ನು ಸಾಲಾಗಿಟ್ಟು ನೋಡಿದಾಗ, ಅದರ ಕರ್ತೃವಾಗಿ ಬರುವುದು ಬಹುಮಟ್ಟಿಗೆ ಕೊಳೆತ, ಹತಾಶೆ, ಅವನತಿಯಂಥ ಬೇಡದ ಸಂಗತಿಗಳೇ ಎಂದು ಕಂಡಿತು. ಕನ್ನಡದ 'ವಕ್ಕರಿಸು' ಇದರ ಒಡಹುಟ್ಟು. ಬಡತನ ವಕ್ಕರಿಸುತ್ತದೆ, ರೋಗ ವಕ್ಕರಿಸುತ್ತದೆ. ಹಬ್ಬ ವಕ್ಕರಿಸಿತೆಂದರೆ ಹೇಳಿದವನ ಕಿಸೆ ಬರಿದಾಗಿದೆಯೆಂದೇ ಅರ್ಥ. ಆದರೆ ಪ್ರತಿವರ್ಷ ಕೇರಳಕ್ಕೆ ಮುಂಗಾರು ಕಾಲಿಟ್ಟಾಗ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಗಳೂ ಇಂಗ್ಲಿಷ್ ಪತ್ರಿಕೆಗಳೂ ಬಳಸುವುದು ಇದೇ 'ಸೆಟ್ ಇನ್' ಅನ್ನು. ಚಳಿಗಾಲ ಕವಿದುಕೊಳ್ಳುವ ದೇಶದಲ್ಲಿ ಸಪ್ಪೆಮುಖದ ಪದವಾಗಿದ್ದುದು ಮಳೆಗಾಗಿ ಕಾಯುವ ಕಾಸರಗೋಡಿನ ಕರಾವಳಿಯಲ್ಲಿ ಒಳ್ಳೆಯ ಸುದ್ದಿ ತರುತ್ತದೆ. ಅದನ್ನು 'ವಕ್ಕರಿಸಿತು' ಎಂದು ಅನುವಾದಿಸುವ ಕನ್ನಡ ಪತ್ರಕರ್ತ ಹುಟ್ಟಿಲ್ಲ. ಪದದ ಬಣ್ಣ ನಿಘಂಟಿನಲ್ಲಿ ಅಲ್ಲ, ಪದ ಬದುಕುವ ಊರಿನ ಹವೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಎರಡನೆಯ ನಂಬಿಕೆಗೆ ಬರಬೇಕು: ಕನ್ನಡದಲ್ಲಿ ಇಂಥದ್ದಿಲ್ಲವೆಂಬುದು. ಕನ್ನಡಕ್ಕೆ ಕ್ರಿಯೆಯ ಹಿಂದೆ ನಿಲ್ಲುವ ದಿಕ್ಕಿನ ಕಿರುಪದಗಳಿಲ್ಲ, ನಿಜ. 'ಅಪ್' ಮಾಡುವ ಕೆಲಸವನ್ನು ಕನ್ನಡದಲ್ಲಿ ಎರಡನೆಯ ಕ್ರಿಯಾಪದ ಮಾಡುತ್ತದೆ. 'ಈಟ್' ಎಂದರೆ ತಿನ್ನು. 'ಈಟ್ ಅಪ್' ಎಂದರೆ ತಿಂದುಹಾಕು. 'ಡ್ರಿಂಕ್ ಅಪ್' ಕುಡಿದುಬಿಡು, 'ಬರ್ನ್ ಡೌನ್' ಸುಟ್ಟುಹೋಗು, 'ಬ್ರೇಕ್ ಡೌನ್' ಕೆಟ್ಟುಹೋಗು, 'ರೈಟ್ ಡೌನ್' ಬರೆದುಕೊ, 'ಸೆಟ್ ಅಸೈಡ್' ತೆಗೆದಿಡು. 'ಈಟ್ ಅಪ್'ನಲ್ಲಿ ಯಾವುದೂ ಮೇಲೆ ಹೋಗುವುದಿಲ್ಲ. 'ತಿಂದುಹಾಕು'ವಿನಲ್ಲಿ ಯಾರೂ ಏನನ್ನೂ ಎಲ್ಲಿಗೂ ಹಾಕುವುದಿಲ್ಲ. ಎರಡು ಭಾಷೆಗಳೂ ಒಂದು ಸಾಮಾನ್ಯ ಪದದ ಮೈಯ ಅರ್ಥವನ್ನು ಸವೆಸಿ, ಕೆಲಸ ಪೂರ್ತಿಯಾಯಿತೆಂಬ ಅಂಶವನ್ನಷ್ಟೇ ಉಳಿಸಿಕೊಂಡಿವೆ. ಇಂಗ್ಲಿಷು ದಿಕ್ಕಿನಿಂದ ತಂದುದನ್ನು ಕನ್ನಡ ಕೈಯ ಕೆಲಸದಿಂದ ತಂದಿದೆ: ಬಿಡುವುದು, ಹಾಕುವುದು, ಇಡುವುದು, ಕೊಡುವುದು, ಕೊಳ್ಳುವುದು.

ಹೋಲಿಕೆಗೆ ಎಲ್ಲೆಯಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ಕನ್ನಡದ ಈ ಸಹಾಯಕ ಕ್ರಿಯೆಗಳಲ್ಲಿ ಹೇಳುವವನ ಮನಸ್ಸೂ ಬೆರೆತಿರುತ್ತದೆ. 'ಹೋದ' ಎಂಬುದಕ್ಕೂ 'ಹೋಗಿಬಿಟ್ಟ' ಎಂಬುದಕ್ಕೂ ನಡುವೆ ಇರುವ ಅಳಲನ್ನೋ ಅಚ್ಚರಿಯನ್ನೋ 'ಅಪ್' ಹೊರಲಾರದು. ಇತ್ತ, 'ಟೇಕ್ ಆಫ್' ಎಂದರೆ ವಿಮಾನ ಏರುವುದು, ಅಂಗಿ ಕಳಚುವುದು, ಒಬ್ಬನನ್ನು ಅಣಕಿಸುವುದು ಎಂಬ ಬಗೆಯ ಕವಲುಗಳು 'ತೆಗೆದುಬಿಡು'ವಿನಿಂದ ಹೊರಡುವುದಿಲ್ಲ. ಚಲನೆಯ ವರ್ಣನೆಯಲ್ಲಂತೂ ಎರಡು ಭಾಷೆಗಳೂ ಎದುರುಬದುರು ನಡೆಯುತ್ತವೆ. ಲಿಯೊನಾರ್ಡ್ ಟಾಲ್ಮಿ ತೋರಿಸಿರುವಂತೆ ಇಂಗ್ಲಿಷು ನಡೆಯ ರೀತಿಯನ್ನು ಕ್ರಿಯೆಯಲ್ಲಿಟ್ಟು ದಾರಿಯನ್ನು ಕಿರುಪದಕ್ಕೆ ವಹಿಸುತ್ತದೆ. 'ಹಿ ಲಿಂಪ್ಡ್ ಔಟ್' ಎಂಬ ಮೂರು ಪದಕ್ಕೆ ಕನ್ನಡದಲ್ಲಿ 'ಅವನು ಕುಂಟುತ್ತ ಹೊರಗೆ ಹೋದ' ಎನ್ನಬೇಕು. ಅಥವಾ 'ಹೊರಗೆ ಬಂದ'. ಅನುವಾದಕ ಸಿಕ್ಕಿಬೀಳುವುದು ಈ 'ಅಥವಾ'ದಲ್ಲಿ. ಹೇಳುವವನು ಕೋಣೆಯ ಒಳಗಿದ್ದಾನೋ ಹೊರಗಿದ್ದಾನೋ ಎಂದು 'ಔಟ್' ತಿಳಿಸುವುದಿಲ್ಲ. 'ಹೋದ', 'ಬಂದ'ಗಳು ತಿಳಿಸದೆ ಬಿಡುವುದಿಲ್ಲ. ಇಂಗ್ಲಿಷ್ ಕಾದಂಬರಿಗಳ ಕನ್ನಡಾನುವಾದಗಳಲ್ಲಿ ನಿರೂಪಕ ಒಮ್ಮೆ ಒಳಗೆ ಒಮ್ಮೆ ಹೊರಗೆ ಜಿಗಿಯುತ್ತಿರುವಂತೆ ತೋರಿದರೆ, ತಪ್ಪನ್ನು ಇಲ್ಲೂ ಹುಡುಕಬಹುದು.

ಎಲ್ಲೆಗಳೇನೇ ಇರಲಿ, ಕಲಿಯುವವನ ಸ್ವಂತ ಭಾಷೆ ಕೊಡುವ ಹಿಡಿಕೆ ಸಣ್ಣದಲ್ಲ. ಹೀಬ್ರೂ ಭಾಷಿಕ ವಿದ್ಯಾರ್ಥಿಗಳು ಫ್ರೇಸಲ್ ವರ್ಬ್‌ಗಳನ್ನು ಬಿಟ್ಟು ಲ್ಯಾಟಿನ್ ಮೂಲದ ಒಂಟಿ ಕ್ರಿಯಾಪದಗಳತ್ತ ವಾಲುತ್ತಾರೆಂದು ಡಗಟ್ ಮತ್ತು ಲಾಫರ್ 1985ರಲ್ಲಿ ತೋರಿಸಿದರು. ತಮ್ಮ ಭಾಷೆಯಲ್ಲೇ ಇಂಥ ರಚನೆಯಿರುವ ಸ್ವೀಡಿಷರು ಹಾಗೆ ತಪ್ಪಿಸಿಕೊಳ್ಳುವುದಿಲ್ಲವೆಂದು 1993ರಲ್ಲಿ ಲಾಫರ್ ಮತ್ತು ಎಲಿಯಾಸನ್ ಕಂಡುಕೊಂಡರು. ಕನ್ನಡದ ಮಗುವಿಗೆ 'ಗಿವ್ ಅಪ್'ನ ಎದುರು 'ತ್ಯಜಿಸು' ಎಂದು ಬರೆದುಕೊಟ್ಟಾಗ ಕೈಪಿಡಿ ಮಾಡುವುದೇನು? ಇದ್ದ ಹಿಡಿಕೆಯನ್ನು ತಾನೇ ಮುರಿಯುತ್ತದೆ. ಇಂಗ್ಲಿಷಿನಲ್ಲಿ 'ಟಾಲರೇಟ್' ಮತ್ತು 'ಪುಟ್ ಅಪ್ ವಿತ್', 'ಪೋಸ್ಟ್‌ಪೋನ್' ಮತ್ತು 'ಪುಟ್ ಆಫ್', 'ಎಕ್ಸ್‌ಟಿಂಗ್ವಿಶ್' ಮತ್ತು 'ಪುಟ್ ಔಟ್' ಜೋಡಿಗಳಲ್ಲಿ ಮೊದಲನೆಯದು ಕಚೇರಿಯ ಮಾತು, ಎರಡನೆಯದು ಅಡುಗೆಮನೆಯ ಮಾತು. ಕನ್ನಡದಲ್ಲಿಯೂ 'ತ್ಯಜಿಸು' ಮತ್ತು 'ಬಿಟ್ಟುಬಿಡು', 'ಸ್ವೀಕರಿಸು' ಮತ್ತು 'ತೆಗೆದುಕೊ' ಅದೇ ಎರಡು ಅಂತಸ್ತುಗಳಲ್ಲಿವೆ. ಬೀಡಿ ಸೇದುವುದನ್ನು ಯಾರೂ ತ್ಯಜಿಸುವುದಿಲ್ಲ, ಬಿಟ್ಟುಬಿಡುತ್ತಾರೆ. ಅಡುಗೆಮನೆಯ ಇಂಗ್ಲಿಷಿಗೆ ಕಚೇರಿಯ ಕನ್ನಡವನ್ನು ಎದುರಿಟ್ಟು ಕಲಿತ ಮಗು ಮುಂದೆ ಗೆಳೆಯನಿಗೆ ಬರೆಯುವ ಇಂಗ್ಲಿಷೂ ಅರ್ಜಿಯಂತೆ ಕೇಳಿಸಿದರೆ ಆಶ್ಚರ್ಯವೇನು?

ಗಡಿಯ ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ಅದನ್ನು ಈವರೆಗೆ ಕೊರತೆಯೆಂದೇ ಎಣಿಸುತ್ತ ಬರಲಾಗಿದೆ. ಕನ್ನಡದ 'ತಿಂದುಹಾಕಿದ'ಕ್ಕೆ ಆದವಾನಿಯ ತೆಲುಗಿನಲ್ಲಿ 'ತಿನೇಶಾಡು' ಇದೆ. ಒಳಗಿರುವುದು 'ವೇಯು', ಹಾಕು ಎಂಬ ಕ್ರಿಯೆಯೇ. ತಾಳವಾಡಿಯ ತಮಿಳಿನಲ್ಲಿ 'ಶಾಪ್ಪಿಟ್ಟುವಿಟ್ಟಾನ್' ಎನ್ನುವಾಗ ಅಲ್ಲಿರುವ 'ವಿಡು' ಕನ್ನಡದ 'ಬಿಡು'ವಿನ ದಾಯಾದಿ. ಕಾಸರಗೋಡಿನ ಮಲಯಾಳದಲ್ಲಿ ಬಿಸಾಡುವ ಅರ್ಥದ 'ಕಳಯು' ಇದೇ ಕೆಲಸಕ್ಕೆ ಬರುತ್ತದೆ. ಸೊಲ್ಲಾಪುರ, ಜತ್ತಗಳ ಮರಾಠಿ ಬೇರೆ ಭಾಷಾಕುಟುಂಬದ್ದಾದರೂ 'ಖಾಊನ್ ಟಾಕಲೆ' ಎಂದು, 'ಹಾಕು'ವಿನ ಅರ್ಥದ 'ಟಾಕಣೆ'ಯನ್ನೇ ಹಿಡಿದಿದೆ. ಕಾಲಿನ್ ಮಸಿಕ 1976ರ ತನ್ನ ಗ್ರಂಥದಲ್ಲಿ ಇಂಥ ಜೋಡುಕ್ರಿಯೆಗಳನ್ನು ದಕ್ಷಿಣ ಏಷ್ಯಾದ ಭಾಷೆಗಳು ಕುಟುಂಬ ಮೀರಿ ಹಂಚಿಕೊಂಡ ಲಕ್ಷಣಗಳಲ್ಲಿ ಒಂದಾಗಿ ಚರ್ಚಿಸಿದ್ದಾನೆ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಪದಗಳನ್ನು ಬೇರೆಯಾಗಿ ಉಳಿಸಿಕೊಂಡು ವಾಕ್ಯದ ಎಲುಬುಗೂಡನ್ನು ಮಾತ್ರ ಒಂದೇ ಮಾಡಿಕೊಂಡಿವೆಯೆಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. ಗಡಿಯ ಮಗು ಎರಡು ಭಾಷೆಗಳಲ್ಲಿ ಈ ಯಂತ್ರ ಓಡುವುದನ್ನು ದಿನವೂ ಕೇಳುತ್ತದೆ. ಒಂದೇ ಕೆಲಸಕ್ಕೆ ಬೇರೆ ಬೇರೆ ಪದಗಳು ಸವೆಯಬಹುದೆಂಬ ಅರಿವು ಒಳನಾಡಿನ ಏಕಭಾಷಿಕ ಮಗುವಿಗಿಂತ ಅದಕ್ಕೆ ಬೇಗ ಬಂದೀತು.

ಇಂಗ್ಲಿಷಿನ ಕಿರುಪದವೂ ಒಂದು ಬಗೆಯ ಗಡಿಯ ಬೆಳೆಯೆಂಬುದು ಇಲ್ಲಿ ನೆನೆಯತಕ್ಕದ್ದು. ಹಳೆಯ ಇಂಗ್ಲಿಷಿನಲ್ಲಿ ಇಂಥ ಪದಗಳು ಕ್ರಿಯೆಯ ಮುಂದೆ ಅಂಟಿಕೊಂಡೂ ಬರುತ್ತಿದ್ದವು. 'ಅಂಡರ್‌ಸ್ಟ್ಯಾಂಡ್', 'ಓವರ್‌ಕಮ್', 'ವಿತ್‌ಸ್ಟ್ಯಾಂಡ್'ಗಳು ಆ ಕಾಲದ ಉಳಿಕೆ. ಕೊನೆಯದರಲ್ಲಿ 'ವಿತ್' ಎಂದರೆ 'ಜೊತೆ' ಅಲ್ಲ, ಅದರ ಪ್ರಾಚೀನ ಅರ್ಥವಾದ 'ಎದುರು'. ಕಿರುಪದ ಹಿಂದಕ್ಕೆ ಸರಿದ ಹೊಸ ರೂಢಿಯ ಆರಂಭದ ಸಾಕ್ಷಿಗಳಲ್ಲಿ ಒಂದು ಪೀಟರ್‌ಬರೋ ಮಠದ ವೃತ್ತಾಂತದ ಕೊನೆಯ ಭಾಗದಲ್ಲಿ, 1137ರ ನಮೂದಿನಲ್ಲಿದೆ: ಸ್ಟೀಫನ್ ದೊರೆ ಇಬ್ಬರು ಬಿಷಪ್ಪರನ್ನೂ ತನ್ನ ಚಾನ್ಸಲರನನ್ನೂ ಸೆರೆಯಲ್ಲಿಟ್ಟ, ಅವರು ತಮ್ಮ ಕೋಟೆಗಳನ್ನು 'ಗಿವ್ ಅಪ್' ಮಾಡುವ ತನಕ. ಪೀಟರ್‌ಬರೋ ಇರುವುದು ಡೇನರು ಬಂದು ನೆಲೆಸಿದ ಸೀಮೆಯಲ್ಲಿ; ನಾರ್ಸ್ ಭಾಷೆಯಲ್ಲಿ ಕಿರುಪದ ಕ್ರಿಯೆಯ ಹಿಂದೆ ನಿಲ್ಲುವ ರೂಢಿ ಬಲವಾಗಿತ್ತು. ಈ ಬದಲಾವಣೆಯಲ್ಲಿ ನಾರ್ಸಿನ ಪಾಲೆಷ್ಟು, ಇಂಗ್ಲಿಷಿನ ಸ್ವಂತ ಒಳನಡೆಯೆಷ್ಟು ಎಂಬುದು ವಿದ್ವಾಂಸರಲ್ಲಿ ಇನ್ನೂ ಚರ್ಚೆಯ ವಿಷಯ. ಎರಡು ಭಾಷೆಗಳು ಕೂಡಿದ ಸೀಮೆಯ ಮಠವೊಂದರ ಬರವಣಿಗೆಯಲ್ಲಿ ಅದು ಕಾಣಿಸಿಕೊಂಡಿತೆಂಬುದರಲ್ಲಿ ಚರ್ಚೆಯಿಲ್ಲ. ಗಡಿಯ ಕನ್ನಡವನ್ನು 'ಕಲಬೆರಕೆ'ಯೆಂದು ಮೂಗು ಮುರಿಯುವವರು ಈ ಪುಟವನ್ನು ಓದಬೇಕು.

ಭಾರತೀಯರ 'ತಪ್ಪು'ಗಳೂ ಹೀಗೆಯೇ ಬೇರೆ ಬೆಳಕಿನಲ್ಲಿ ಕಾಣುತ್ತವೆ. 'ಕೋಪ್ ವಿತ್' ಎನ್ನಬೇಕಾದಲ್ಲಿ 'ಕೋಪ್ ಅಪ್ ವಿತ್' ಎಂದವನು 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್', 'ಪುಟ್ ಅಪ್ ವಿತ್'ಗಳ ಸಾಲನ್ನು ನೋಡಿ ನಿಯಮವೊಂದನ್ನು ಊಹಿಸಿದ್ದಾನೆ; ಊಹೆ ಭಾಷೆಯ ಗುಣಕ್ಕೆ ಹೊಂದುವಂಥದ್ದೇ, ರೂಢಿ ಮಾತ್ರ ಒಪ್ಪಿಲ್ಲ. 'ಆಂಗ್ರಿ ಆನ್ ಹಿಮ್' ಎಂಬುದರ ಹಿಂದೆ 'ಅವನ ಮೇಲೆ ಸಿಟ್ಟು' ಇದೆ. 'ಡಿಸ್ಕಸ್ ಅಬೌಟ್'ನ ಹಿಂದೆ 'ಅದರ ಬಗ್ಗೆ ಚರ್ಚೆ' ಇದೆ. ಕೆಂಪು ಶಾಯಿಯ ಗೆರೆಗಿಂತ ಈ ಒಂದು ಮಾತಿನ ವಿವರಣೆ ಹೆಚ್ಚು ಕಾಲ ನೆನಪಿರುತ್ತದೆ. ಇತ್ತ ಕನ್ನಡವೂ ಸುಮ್ಮನೆ ಕುಳಿತಿಲ್ಲ. 'ಪಿಕಪ್', 'ಸೆಟಪ್', 'ಚೆಕಪ್', 'ಬ್ರೇಕ್‌ಡೌನ್'ಗಳನ್ನು ಅದು ಇಡಿಯಾಗಿ ನುಂಗಿ ನಾಮಪದ ಮಾಡಿಕೊಂಡಿದೆ. ಆ ಮೇಲೆ ತನ್ನ ಕ್ರಿಯೆಯನ್ನು ಜೋಡಿಸಿ 'ಗಾಡಿ ಬ್ರೇಕ್‌ಡೌನ್ ಆಗಿಹೋಯಿತು' ಎನ್ನುತ್ತದೆ. 'ಡೌನ್' ಈಗಾಗಲೇ ಹೇಳಿದ್ದನ್ನು 'ಹೋಯಿತು' ಮತ್ತೊಮ್ಮೆ ಹೇಳುತ್ತದೆ. ಕಿರುಪದದ ಕಸುವು ಕನ್ನಡ ಕಿವಿಗೆ ತಲುಪಿಲ್ಲ, ಆದುದರಿಂದ ತನ್ನದನ್ನು ಹಚ್ಚಿಕೊಂಡಿದೆ.

ಕೇಡು ಬಂದಿರುವುದು ಕಿರುಪದಗಳಿಂದಲ್ಲ, ಉದ್ದಪದಗಳಿಂದ. 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಜಾರ್ಜ್ ಆರ್ವೆಲ್ ಸರಳ ಪ್ರಿಪೊಸಿಷನ್ನುಗಳ ಜಾಗಕ್ಕೆ 'ವಿತ್ ರೆಸ್ಪೆಕ್ಟ್ ಟು', 'ಇನ್ ವ್ಯೂ ಆವ್' ಮೊದಲ ಮೆರವಣಿಗೆಗಳು ಬರುತ್ತಿರುವುದನ್ನು ಕಂಡು ಸಿಡುಕಿದ. ಆ ಮೆರವಣಿಗೆ ಈಗ ಕನ್ನಡದ ಬೀದಿಗಳಲ್ಲೂ ಹೊರಟಿದೆ: 'ಸಂಬಂಧಿಸಿದಂತೆ', 'ಹಿನ್ನೆಲೆಯಲ್ಲಿ', 'ನಿಟ್ಟಿನಲ್ಲಿ', 'ಅಡಿಯಲ್ಲಿ'. ಇಂಗ್ಲಿಷಿನ 'ಅಂಡರ್ ದ ಸ್ಕೀಮ್' ಕನ್ನಡಕ್ಕೆ ಬಂದು 'ಯೋಜನೆಯ ಅಡಿಯಲ್ಲಿ' ಆಯಿತು. ಯೋಜನೆ ಮೇಲೆ, ಬಡವ ಕೆಳಗೆ. 'ಈ ಯೋಜನೆಯಲ್ಲಿ' ಎಂದರೆ ಸಾಕಾಗಿತ್ತು. ಏಳನೆಯ ವಿಭಕ್ತಿ ಇಂಥ ಕೆಲಸಕ್ಕಾಗಿಯೇ ಇರುವುದು. ಕನ್ನಡದ ಒಂದು 'ಅಲ್ಲಿ' ಇಂಗ್ಲಿಷಿನ 'ಇನ್', 'ಆನ್', 'ಅಟ್' ಮೂರಕ್ಕೂ ಹೆಗಲು ಕೊಡುತ್ತದೆ. ಕಲಿಯುವವನಿಗೆ ಅದು ತೊಡಕು, ಬರೆಯುವವನಿಗೆ ವರ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಆ ಅವಕಾಶದ ಬೆಲೆ ಬರುವ ಉತ್ತರದ ಕನ್ನಡವನ್ನೂ ಅವಲಂಬಿಸಿದೆ. 'ಅರ್ಜಿಯ ಮೇಲೆ ಕ್ರಮ ಕೈಗೊಳ್ಳುವ ನಿಟ್ಟಿನಲ್ಲಿ ಪರಿಶೀಲನೆಯ ಅಡಿಯಲ್ಲಿ ಇರಿಸಲಾಗಿದೆ' ಎಂಬ ಬಗೆಯ ವಾಕ್ಯ ಲಿಪಿಯಲ್ಲಿ ಮಾತ್ರ ಕನ್ನಡ. 'ನಿಮ್ಮ ಅರ್ಜಿಯನ್ನು ನೋಡುತ್ತಿದ್ದೇವೆ' ಎಂದು ಬರೆದರೆ ಸರಕಾರದ ಗೌರವಕ್ಕೆ ಕುಂದು ಬರುತ್ತಿರಲಿಲ್ಲ.

ಕೈಪಿಡಿಯನ್ನು ಹೊಸದಾಗಿ ಬರೆಯುವವರಿಗೆ ಮಾದರಿಯೊಂದು ಆಗಲೇ ಇದೆ. 1989ರ ಕೋಬಿಲ್ಡ್ ಫ್ರೇಸಲ್ ವರ್ಬ್ ನಿಘಂಟು ಕೊನೆಯಲ್ಲಿ ಕಿರುಪದಗಳದ್ದೇ ಒಂದು ಸೂಚಿಯನ್ನು ಕೊಟ್ಟು, 'ಅಪ್' ಎಂಬುದು ಏರಿಕೆ, ಹತ್ತಿರ ಬರುವಿಕೆ, ಪೂರ್ಣತೆ ಮೊದಲಾದ ಯಾವ ಅರ್ಥಗಳಲ್ಲಿ ಯಾವ ಕ್ರಿಯೆಗಳ ಜೊತೆ ಬರುತ್ತದೆಂದು ವಿಂಗಡಿಸಿತು. ಕನ್ನಡದಲ್ಲಿ ಆ ಪುಟಕ್ಕೆ ಎದುರು ಪುಟ ಬರೆಯುವುದು ಕಷ್ಟವಲ್ಲ. ಪೂರ್ಣತೆಯ 'ಅಪ್'ಗೆ ಬಿಡು, ಹಾಕು, ಹೋಗು. ತಿರುಗಾಟದ 'ಅಬೌಟ್'ಗೆ ಓಡಾಡು, ಸುತ್ತಾಡು. ಕಾದಿಡುವ 'ಅವೇ', 'ಅಸೈಡ್'ಗಳಿಗೆ ಎತ್ತಿಡು, ತೆಗೆದಿಡು. ಅಂಚಿನಲ್ಲಿ, ಪುಸ್ತಕ ಹೋಗುವ ಊರನ್ನು ನೋಡಿಕೊಂಡು, ತೆಲುಗಿನದೋ ಮರಾಠಿಯದೋ ಒಂದು ಪದ. ಹೊಂದದಿರುವವನ್ನು ಹೊಂದುವುದಿಲ್ಲವೆಂದೇ ಬರೆಯಬೇಕು. ಇನ್ನು 'ಪುಟ್ ಅಪ್ ವಿತ್'ನ ಎದುರಿಗಿರುವ 'ಸಹಿಸು'ವನ್ನು ಹೊಡೆದುಹಾಕಿ, ಗಂಡನ ಮನೆಯ ಕಷ್ಟ ಕೇಳಿದಾಗ ಹೆಂಗಸರು ಹೇಳುವ 'ತಾಳಿಕೊಂಡು ಹೋಗು' ಎಂಬುದನ್ನು ಅಲ್ಲಿ ಇಡಬಹುದು. ಅತ್ತ ಮೂರು ಪದ, ಇತ್ತ ಮೂರು ಕ್ರಿಯೆ: ತಾಳು, ಕೊಳ್ಳು, ಹೋಗು.